ಸಣ್ಣ ಉದ್ಯಮಕ್ಕೆ ಸೈಬರ್ ವಿಮೆ: ಇರುವ ಪಾಲಿಸಿಗೆ ಸೇರಿಸಿಕೊಳ್ಳುವುದೋ, ಪ್ರತ್ಯೇಕವಾಗಿ ಕೊಳ್ಳುವುದೋ?

ಎರಡು ಮೂರು ಕಡೆಯಿಂದ ಕೊಟೇಶನ್ ತರಿಸಿಕೊಂಡ ಮೇಲೇ ಗೊಂದಲ ಶುರುವಾಗುತ್ತದೆ. ಈಗಿರುವ ವ್ಯಾಪಾರ ವಿಮೆಗೆ ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿ ಸೈಬರ್ ರಕ್ಷಣೆ ಸೇರಿಸಿಕೊಂಡರೆ ಸಾಕು ಎನ್ನುತ್ತಾರೆ ಒಬ್ಬರು. ಪ್ರತ್ಯೇಕ ಸೈಬರ್ ಪಾಲಿಸಿ ಇಲ್ಲದೆ ಆಗುವುದೇ ಇಲ್ಲ ಎನ್ನುತ್ತಾರೆ ಇನ್ನೊಬ್ಬರು. ಆ ದುಡ್ಡಿನಲ್ಲಿ ಒಳ್ಳೆಯ ಬ್ಯಾಕಪ್ ವ್ಯವಸ್ಥೆಯನ್ನೇ ಮಾಡಿಕೊಳ್ಳಬಹುದಲ್ಲ ಎಂದು ಲೆಕ್ಕ ನೋಡುವವರು ಕೇಳುತ್ತಾರೆ. ಮೂರರಲ್ಲೂ ನಿಜವಿದೆ. ಆದರೆ ನಿಮಗೆ ಯಾವುದು ಸರಿ ಎಂಬುದನ್ನು ಪಾಲಿಸಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ವಿಮಾ ಮೊತ್ತ ಹೇಳುವುದಿಲ್ಲ. ಅದನ್ನು ಹೇಳುವುದು ಒಳಪುಟಗಳ ಉಪಮಿತಿ, ಕಾಯುವ ಅವಧಿ ಮತ್ತು ಷರತ್ತುಗಳು. ಅವನ್ನು ಅಳೆಯುವ ಕೋಲು ಕೈಯಲ್ಲಿಲ್ಲದೆ ಕೊಟೇಶನ್ ಹೋಲಿಸಿದರೆ ಅಗ್ಗದ್ದೇ ಗೆಲ್ಲುತ್ತದೆ.

ಮೊದಲು ನಿಮ್ಮ ನಷ್ಟ ಎಲ್ಲಿದೆ ನೋಡಿ

ಕಾಗದ, ಪೆನ್ನು ಹಿಡಿದು ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಕಂಪ್ಯೂಟರ್ ವ್ಯವಸ್ಥೆ ಪೂರ್ತಿ ನಿಂತರೆ ವ್ಯಾಪಾರ ಎಷ್ಟು ದಿನ ನಡೆದೀತು? ನಿಮ್ಮಲ್ಲಿ ಬೇರೆಯವರ ಮಾಹಿತಿ ಏನೇನಿದೆ, ಎಷ್ಟು ಜನರದ್ದು? ಇಮೇಲ್‌ನಲ್ಲಿ ಬಂದ ಬಿಲ್ ನೋಡಿ ಹಣ ಕಳಿಸುವ ರೂಢಿ ಇದೆಯೇ, ಒಂದೇ ಸಲಕ್ಕೆ ಹೋಗುವ ಅತಿ ದೊಡ್ಡ ಮೊತ್ತ ಎಷ್ಟು? ಗ್ರಾಹಕರ ಜತೆಗಿನ ಒಪ್ಪಂದದಲ್ಲಿ ಮಾಹಿತಿ ಸೋರಿದರೆ ನೀವೇ ಹೊಣೆ ಎಂದು ಸಹಿ ಹಾಕಿದ್ದೀರಾ?

ಮೊದಲ ಪ್ರಶ್ನೆಗೆ ಅಂದಾಜಲ್ಲ, ಲೆಕ್ಕ ಬೇಕು. ಒಂದು ದಿನದ ನಿವ್ವಳ ಲಾಭಕ್ಕೆ ವ್ಯಾಪಾರ ನಿಂತರೂ ನಿಲ್ಲದ ಸಂಬಳ, ಬಾಡಿಗೆ, ಸಾಲದ ಕಂತುಗಳ ಒಂದು ದಿನದ ಪಾಲು ಸೇರಿಸಿ, ನಿಲ್ಲಬಹುದಾದ ದಿನಗಳಿಂದ ಗುಣಿಸಿ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಡಿದಾಗ ಬ್ಯಾಕಪ್ ಚೆನ್ನಾಗಿದ್ದರೂ ಎರಡು ದಿನದಲ್ಲಿ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಒಳನುಗ್ಗಿದವರು ಎಲ್ಲಿಂದ ಬಂದರು ಎಂದು ಪತ್ತೆಯಾಗದೆ ಯಂತ್ರಗಳನ್ನು ಮತ್ತೆ ಜೋಡಿಸುವುದು ಅದೇ ಬಾಗಿಲನ್ನು ಮತ್ತೆ ತೆರೆದಿಟ್ಟಂತೆ. ಆ ಪತ್ತೆ ಕೆಲಸಕ್ಕೇ ದಿನಗಳು ಹಿಡಿಯುತ್ತವೆ. ಹತ್ತು ದಿನ, ಇಪ್ಪತ್ತು ದಿನ ಎರಡಕ್ಕೂ ಲೆಕ್ಕ ಹಾಕಿಡಿ. ಆ ಎರಡು ಅಂಕಿಗಳ ಮುಂದೆ ಯಾವ ಕೊಟೇಶನ್ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ಬೇಗ ಗೊತ್ತಾಗುತ್ತದೆ.

ಅಳತೆಗೋಲುಗಳು

ಸೈಬರ್ ವಿಮೆಯಲ್ಲಿ ಎರಡು ಭಾಗ. ಒಂದು ನಿಮ್ಮದೇ ನಷ್ಟ: ತನಿಖೆ, ಮಾಹಿತಿ ಮರಳಿ ಪಡೆಯುವ ಖರ್ಚು, ವ್ಯಾಪಾರ ನಿಂತ ನಷ್ಟ, ಗ್ರಾಹಕರಿಗೆ ಸುದ್ದಿ ಮುಟ್ಟಿಸುವ ಖರ್ಚು, ಸುಲಿಗೆ ಬೇಡಿಕೆ. ಇನ್ನೊಂದು ಹೊಣೆ: ಮಾಹಿತಿ ಕಳೆದುಕೊಂಡವರು ನಿಮ್ಮ ಮೇಲೆ ಹೂಡುವ ದಾವೆ, ವಕೀಲರ ಶುಲ್ಕ, ನಿಯಂತ್ರಕರ ವಿಚಾರಣೆ. ಕೆಲವು ಅಗ್ಗದ ಪಾಲಿಸಿಗಳು ಎರಡನೆಯದನ್ನು ಮಾತ್ರ ಕೊಡುತ್ತವೆ. ಆದರೆ ಸಣ್ಣ ಉದ್ಯಮಕ್ಕೆ ಮೊದಲ ಪೆಟ್ಟು ಬೀಳುವುದು ಮೊದಲ ಭಾಗದಲ್ಲಿ. ಅದು ಇಲ್ಲದ ಪಾಲಿಸಿಯನ್ನು ಸೈಬರ್ ವಿಮೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮುಂದಿನದು, ಏನಾದರೆ ಪಾಲಿಸಿ ಎಚ್ಚರಗೊಳ್ಳುತ್ತದೆ ಎಂಬುದು. ಯಾರಾದರೂ ದಾಳಿ ಮಾಡಿದರೆ ಮಾತ್ರವೋ, ವ್ಯವಸ್ಥೆ ತಾನಾಗಿ ಕೆಟ್ಟರೂ ಸರಿಯೋ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಅದು ದಾಳಿಯಲ್ಲ, ತಪ್ಪು. ದಾಳಿ ಎಂಬ ಪದಕ್ಕೆ ಮಾತ್ರ ಕಟ್ಟುಬಿದ್ದ ಪಾಲಿಸಿ ಅಂಥ ದಿನದ ನಷ್ಟವನ್ನು ತುಂಬಿಕೊಡುವುದಿಲ್ಲ. ಸಿಸ್ಟಂ ಫೇಲ್ಯೂರ್ ಎಂಬ ಹೆಸರಿನ ರಕ್ಷಣೆ ಇದೆಯೇ ಎಂದು ಕೇಳಿ. ಅದರ ಜತೆಗೇ, ನಿಮ್ಮ ಬಿಲ್ಲಿಂಗ್ ತಂತ್ರಾಂಶ ಅಥವಾ ಕ್ಲೌಡ್ ಸೇವೆ ಕೊಡುವವರ ಕಡೆ ಕೆಟ್ಟು ನಿಮ್ಮ ವ್ಯಾಪಾರ ನಿಂತರೆ ಪರಿಹಾರ ಇದೆಯೇ ಎಂಬುದನ್ನೂ ಕೇಳಿ. ಆ ಸೇವಾದಾರರಿಂದಲೇ ವಸೂಲು ಮಾಡಿಕೊಳ್ಳೋಣ ಎಂದರೆ, ಅವರ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಹೊಣೆಯನ್ನು ಕೆಲವು ತಿಂಗಳ ಶುಲ್ಕಕ್ಕೆ ಸೀಮಿತಗೊಳಿಸಿರುತ್ತಾರೆ.

ವ್ಯವಸ್ಥೆ ಎಷ್ಟು ಹೊತ್ತು ನಿಂತ ಮೇಲೆ ಪರಿಹಾರಕ್ಕೆ ಅರ್ಹತೆ ಬರುತ್ತದೆ ಎಂಬುದೇ ಕಾಯುವ ಅವಧಿ; ಅದನ್ನು ಗಂಟೆಯಲ್ಲಿ ಬರೆದಿರುತ್ತಾರೆ. 8, 12 ಗಂಟೆ ಸಾಮಾನ್ಯ. ಓದಲು ಸಣ್ಣದಾಗಿ ಕಾಣುತ್ತದೆ. ಶುಕ್ರವಾರ ಸಂಜೆ ಆರಕ್ಕೆ ವ್ಯವಸ್ಥೆ ಬೀಗ ಬಿದ್ದಿತು, ಶನಿವಾರ ಭಾನುವಾರ ರಜೆ ಎಂದುಕೊಳ್ಳಿ. ಗಡಿಯಾರದ 12 ಗಂಟೆಯಾದರೆ ಅವಧಿ ಶನಿವಾರ ಬೆಳಗ್ಗೆ ಆರಕ್ಕೇ ಮುಗಿಯಿತು. ಸೋಮವಾರ ಬಾಗಿಲು ತೆರೆದ ಕ್ಷಣದಿಂದ ನಷ್ಟ ಎಣಿಕೆಗೆ ಬರುತ್ತದೆ. ವ್ಯಾಪಾರದ 12 ಗಂಟೆ ಎಂದಿದ್ದರೆ, ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವ ಕಚೇರಿಗೆ ಇಡೀ ಸೋಮವಾರ ಮತ್ತು ಮಂಗಳವಾರದ ಅರ್ಧ ಹೋಯಿತು. ಇನ್ನೊಂದು ಸೂಕ್ಷ್ಮವೂ ಇದೆ. ಕೆಲವು ಪಾಲಿಸಿಯಲ್ಲಿ ಈ ಅವಧಿ ದಾಟಿದರೆ ಮೊದಲ ನಿಮಿಷದಿಂದಲೇ ನಷ್ಟ ಎಣಿಸುತ್ತಾರೆ, ಕೆಲವರಲ್ಲಿ ಆ ಗಂಟೆಗಳ ನಷ್ಟ ಎಂದಿಗೂ ಸಿಗುವುದಿಲ್ಲ. ಇವೆರಡರಲ್ಲಿ ಯಾವುದು ಎಂದು ಬರಹದಲ್ಲಿ ಉತ್ತರ ಪಡೆಯಿರಿ.

ಉಪಮಿತಿ ಎಂದರೆ ಒಟ್ಟು ಮೊತ್ತದೊಳಗೆ ಒಂದೊಂದು ಬಗೆಯ ನಷ್ಟಕ್ಕೆ ಹಾಕಿದ ಸಣ್ಣ ಬೇಲಿ. ವಿಮಾ ಮೊತ್ತ 100 ಭಾಗ, ವಂಚನೆಯ ಹಣ ವರ್ಗಾವಣೆಗೆ ಉಪಮಿತಿ 10, ನೀವು ಮೊದಲು ಭರಿಸಬೇಕಾದ ಡಿಡಕ್ಟಿಬಲ್ 5 ಎಂದಿಟ್ಟುಕೊಳ್ಳಿ. ನಷ್ಟ 40. ಡಿಡಕ್ಟಿಬಲ್ ಅನ್ನು ನಷ್ಟದಿಂದ ಕಳೆದರೆ 35 ಉಳಿದು, ಬೇಲಿಯಷ್ಟು, ಅಂದರೆ 10 ಸಿಗುತ್ತದೆ. ಬೇಲಿ ಹಾಕಿದ ಮೇಲೆ ಕಳೆದರೆ ಸಿಗುವುದು 5. ಅಂಕಿಗಳು ಅವೇ, ಪರಿಹಾರ ಅರ್ಧಕ್ಕರ್ಧ.

ಈ ಪಾಲಿಸಿಗಳಲ್ಲಿ ಹೊಣೆಯ ಭಾಗ ಹೆಚ್ಚಾಗಿ ಕ್ಲೇಮ್ ಬಂದ ದಿನವನ್ನು ನೋಡುತ್ತದೆ, ತಪ್ಪು ನಡೆದ ದಿನವನ್ನಲ್ಲ. ಜತೆಗೆ ರೆಟ್ರೋಆಕ್ಟಿವ್ ದಿನಾಂಕ ಎಂಬ ಒಂದು ಗೆರೆ ಇರುತ್ತದೆ. ಅದಕ್ಕಿಂತ ಹಿಂದೆ ನಡೆದದ್ದಕ್ಕೆ ರಕ್ಷಣೆ ಇಲ್ಲ. ಒಳನುಗ್ಗಿದವರು ತಿಂಗಳುಗಟ್ಟಲೆ ಸದ್ದಿಲ್ಲದೆ ಕುಳಿತಿರಬಲ್ಲರು. ಪಾಲಿಸಿ ಶುರುವಾದ ದಿನವೇ ಆ ಗೆರೆಯಾಗಿದ್ದರೆ ಮೊದಲ ವರ್ಷದ ರಕ್ಷಣೆ ತೆಳು. ಹಿಂದಿನ ಕಾಲಕ್ಕೆ ಮಿತಿಯಿಲ್ಲದ ದಿನಾಂಕ ಕೇಳಿ ನೋಡಿ, ಎಷ್ಟೋ ಸಲ ಕೊಡುತ್ತಾರೆ. ಕಂಪನಿ ಬದಲಿಸುವಾಗ ಹಳೆಯ ದಿನಾಂಕವನ್ನೇ ಮುಂದುವರಿಸಿಕೊಳ್ಳದಿದ್ದರೆ ವರ್ಷಗಳ ರಕ್ಷಣೆ ಒಂದು ಸಹಿಯಲ್ಲಿ ಹೋಗುತ್ತದೆ.

ಹೊರಗಿಟ್ಟ ವಿಷಯಗಳ ಪಟ್ಟಿಯಲ್ಲಿ ಮೂರನ್ನು ಬೆರಳಿಟ್ಟು ಓದಿ. ಮೊದಲನೆಯದು ಯುದ್ಧದ ಷರತ್ತು. 2017ರ ಜೂನ್ 27ರಂದು ಉಕ್ರೇನ್‌ನ ಒಂದು ಲೆಕ್ಕಪತ್ರ ತಂತ್ರಾಂಶದ ಅಪ್‌ಡೇಟ್ ಮೂಲಕ ಹರಡಿದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ, ಯುದ್ಧಕ್ಕೂ ತಮಗೂ ಸಂಬಂಧವೇ ಇಲ್ಲದ ಕಂಪನಿಗಳನ್ನೂ ನೆಲಕಚ್ಚಿಸಿತು. ಅದು ಯುದ್ಧಕೃತ್ಯ, ಹಣ ಕೊಡುವುದಿಲ್ಲ ಎಂದು ವಿಮೆಗಾರರು ಹೇಳಿದ್ದರಿಂದ ಔಷಧ ಕಂಪನಿ ಮರ್ಕ್ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿತು; 2023ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಆ ಪಾಲಿಸಿಗಳು ಆಸ್ತಿ ವಿಮೆಯವು. ಆ ಬಳಿಕ ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆ, 2023ರ ಮಾರ್ಚ್ 31ರಿಂದ ಪ್ರತ್ಯೇಕ ಸೈಬರ್ ಪಾಲಿಸಿಗಳಲ್ಲಿ ಸರ್ಕಾರಗಳ ಬೆಂಬಲದ ದಾಳಿಯನ್ನು ಹೊರಗಿಡುವ ಸ್ಪಷ್ಟ ಷರತ್ತು ಇರಬೇಕೆಂದು ವಿಧಿಸಿತು. ಈ ಷರತ್ತಿನ ಮಾತುಗಳು ಒಂದೊಂದು ಕಡೆ ಒಂದೊಂದು ಬಗೆ. ದಾಳಿಯ ಹಿಂದೆ ಸರ್ಕಾರವಿದೆ ಎಂದು ಯಾರು, ಹೇಗೆ ತೀರ್ಮಾನಿಸುತ್ತಾರೆ, ಹಾದಿಯಲ್ಲಿ ಸಿಕ್ಕಿಬಿದ್ದ ನಿಮ್ಮಂಥವರಿಗೆ ವಿನಾಯಿತಿ ಇದೆಯೇ ಎಂದು ನೋಡಿ.

ಎರಡನೆಯದು ಒಪ್ಪಂದದಿಂದ ಬಂದ ಹೊಣೆ. ಅಮೆರಿಕದ ರೆಸ್ಟೋರೆಂಟ್ ಸರಪಳಿ ಪಿ.ಎಫ್. ಚಾಂಗ್ಸ್‌ನಲ್ಲಿ 2014ರಲ್ಲಿ ಗ್ರಾಹಕರ ಕಾರ್ಡ್ ಮಾಹಿತಿ ಸೋರಿತು. ಕಾರ್ಡ್ ಜಾಲ ವಿಧಿಸಿದ ಸುಮಾರು 19 ಲಕ್ಷ ಡಾಲರ್ ವಸೂಲಿಯನ್ನು ಕಾರ್ಡ್ ವ್ಯವಹಾರ ನೋಡಿಕೊಳ್ಳುವ ಸಂಸ್ಥೆ ಅದರ ಮೇಲೆ ಹಾಕಿತು. ಸೈಬರ್ ವಿಮೆ ಇತ್ತು. ಆದರೂ ಅದು ನೀವೇ ಒಪ್ಪಂದದಲ್ಲಿ ಹೊತ್ತುಕೊಂಡ ಹೊಣೆ, ಪಾಲಿಸಿಯಲ್ಲಿ ಸೇರುವುದಿಲ್ಲ ಎಂದು 2016ರಲ್ಲಿ ಅರಿಜೋನಾದ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಕಾರ್ಡ್ ಪಾವತಿ ಪಡೆಯುವ ಯಾವ ಅಂಗಡಿಯೂ ಪಿಸಿಐ (ಕಾರ್ಡ್ ಪಾವತಿ ಭದ್ರತಾ ನಿಯಮ) ವಸೂಲಿಗೆ ರಕ್ಷಣೆ ಇದೆಯೇ ಎಂದು ಹೆಸರು ಹಿಡಿದೇ ಕೇಳಬೇಕು. ಮೂರನೆಯದು ನಿರ್ಲಕ್ಷ್ಯದ ಷರತ್ತು: ಭದ್ರತೆಯನ್ನು ಒಂದು ಮಟ್ಟದಲ್ಲಿ ಕಾಯ್ದುಕೊಳ್ಳದಿದ್ದರೆ, ಎನ್‌ಕ್ರಿಪ್ಟ್ ಮಾಡದ ಲ್ಯಾಪ್‌ಟಾಪ್ ಕಳೆದರೆ ಪರಿಹಾರವಿಲ್ಲ ಎನ್ನುವ ವಾಕ್ಯಗಳು. ಇಂಥದ್ದು ಇರುವ ಪಾಲಿಸಿಯನ್ನು ಬಿಡುವುದೇ ಒಳ್ಳೆಯದು; ನಮ್ಮಿಂದ ತಪ್ಪು ಆಗಬಹುದು ಎಂಬ ಕಾರಣಕ್ಕೇ ಅಲ್ಲವೇ ವಿಮೆ ಕೊಳ್ಳುವುದು?

ಈಗ ಆಯ್ಕೆಗಳು

ಇರುವ ವ್ಯಾಪಾರ ವಿಮೆಗೆ ಸೇರ್ಪಡೆ. ಪ್ರೀಮಿಯಂ ಕಡಿಮೆ, ಅರ್ಜಿ ಒಂದೆರಡು ಪುಟ, ಪ್ರಶ್ನೆಗಳೂ ಕಡಿಮೆ. ಹಾಗಾಗಿ ತಪ್ಪು ಉತ್ತರ ಕೊಟ್ಟು ಸಿಕ್ಕಿಬೀಳುವ ಭಯವೂ ಕಡಿಮೆ. ಆದರೆ ಮೊತ್ತ ಚಿಕ್ಕದು, ವ್ಯಾಪಾರ ನಿಂತ ನಷ್ಟ ಎಷ್ಟೋ ಸಲ ಇರುವುದೇ ಇಲ್ಲ ಅಥವಾ ಕೆಲವೇ ದಿನಕ್ಕೆ ಸೀಮಿತ. ನಡುರಾತ್ರಿ ಕರೆ ಮಾಡಿದರೆ ಎತ್ತಿಕೊಳ್ಳುವ ತುರ್ತು ತಂಡವೂ ಇರಲಿಕ್ಕಿಲ್ಲ. ಕಾಗದದಲ್ಲೂ ನಡೆಯಬಲ್ಲ ವ್ಯಾಪಾರಕ್ಕೆ, ಅಂದರೆ ಗ್ರಾಹಕರ ಹೆಸರು, ಫೋನ್ ಸಂಖ್ಯೆ ಬಿಟ್ಟರೆ ಹೆಚ್ಚೇನೂ ಇಟ್ಟುಕೊಳ್ಳದವರಿಗೆ ಇದು ಸಾಕು. ನಿಮ್ಮ ಹತ್ತು ದಿನದ ನಷ್ಟದ ಅಂಕಿ ಇದರ ಮೊತ್ತವನ್ನು ಮೀರುತ್ತದೆಯಾದರೆ ಮುಂದಕ್ಕೆ ನಡೆಯಿರಿ.

ಪ್ರತ್ಯೇಕ ಸೈಬರ್ ಪಾಲಿಸಿ. ಎರಡೂ ಭಾಗಗಳು, ದೊಡ್ಡ ಮೊತ್ತ, ಜತೆಗೆ ವಿಮೆಗಾರರೇ ಗೊತ್ತುಮಾಡಿದ ತನಿಖಾಕಾರರು, ವಕೀಲರು, ಸುಲಿಗೆಕೋರರ ಜತೆ ಮಾತಾಡಬಲ್ಲವರು. ಸಣ್ಣ ಉದ್ಯಮಕ್ಕೆ ಇದರ ನಿಜವಾದ ಬೆಲೆ ಇರುವುದು ಈ ತಂಡದಲ್ಲೇ ಎಂದರೆ ತಪ್ಪಿಲ್ಲ. ದೊಡ್ಡ ಕಂಪನಿಗೆ ಅಂಥವರ ಪರಿಚಯ ಮೊದಲೇ ಇರುತ್ತದೆ. ಹದಿನೈದು ಜನರ ಕಚೇರಿಗೆ ಆ ರಾತ್ರಿ ಯಾರನ್ನು ಕರೆಯಬೇಕೆಂದೇ ತೋಚುವುದಿಲ್ಲ. ಕಾನೂನಿನ ಗಡಿಯಾರವೂ ಓಡುತ್ತಿರುತ್ತದೆ: ಐರೋಪ್ಯ ಒಕ್ಕೂಟದ ಮಾಹಿತಿ ರಕ್ಷಣಾ ಕಾನೂನು ಜಿಡಿಪಿಆರ್ ಪ್ರಕಾರ ವೈಯಕ್ತಿಕ ಮಾಹಿತಿ ಸೋರಿಕೆಯನ್ನು 72 ಗಂಟೆಯೊಳಗೆ ವರದಿ ಮಾಡಬೇಕು, ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಲ್ಲಿ ಸೈಬರ್ ಘಟನೆಗಳಿಗೆ 6 ಗಂಟೆ.

ಇದಕ್ಕೆ ತೆರುವ ಬೆಲೆ ಪ್ರೀಮಿಯಂ ಮಾತ್ರವಲ್ಲ, ಶಿಸ್ತು ಕೂಡ. ಅರ್ಜಿಯಲ್ಲಿ ಎಲ್ಲ ಇಮೇಲ್‌ಗೂ, ಹೊರಗಿನಿಂದ ಒಳಬರುವ ಲಾಗಿನ್‌ಗೂ, ಅಡ್ಮಿನ್ ಖಾತೆಗೂ ಎಂಎಫ್‌ಎ (ಪಾಸ್‌ವರ್ಡ್ ಜತೆಗೆ ಇನ್ನೊಂದು ಗುರುತು ಕೇಳುವ ವ್ಯವಸ್ಥೆ) ಇದೆಯೇ, ಬ್ಯಾಕಪ್ ಜಾಲದಿಂದ ಬೇರ್ಪಟ್ಟಿದೆಯೇ, ಅದನ್ನು ಮರಳಿ ತೆರೆದು ಪರೀಕ್ಷಿಸಿದ್ದೀರಾ ಎಂದು ಕೇಳುತ್ತಾರೆ. ಹೌದು ಎಂದು ಟಿಕ್ ಹಾಕುವ ಮುನ್ನ ಪ್ರತಿ ಪದವನ್ನೂ ತೂಗಿ. 2022ರ ಜುಲೈನಲ್ಲಿ ಅಮೆರಿಕದ ಟ್ರಾವೆಲರ್ಸ್ ವಿಮಾ ಕಂಪನಿ ಇಲಿನಾಯ್‌ನ ಒಬ್ಬ ಗ್ರಾಹಕರ ಪಾಲಿಸಿಯನ್ನೇ ಅನೂರ್ಜಿತಗೊಳಿಸಿ ಎಂದು ನ್ಯಾಯಾಲಯಕ್ಕೆ ಹೋಯಿತು. ಅರ್ಜಿಯಲ್ಲಿ ಎಂಎಫ್‌ಎ ಇದೆ ಎಂದಿತ್ತು. ರಾನ್ಸಮ್‌ವೇರ್ ಬಡಿದ ಮೇಲೆ ನೋಡಿದರೆ ಫೈರ್‌ವಾಲ್ ಒಂದಕ್ಕೆ ಮಾತ್ರ ಇತ್ತು, ಸರ್ವರ್‌ಗಳಿಗೆ ಇರಲಿಲ್ಲ ಎಂಬುದು ಅದರ ವಾದ. ಕೆಲವೇ ವಾರಗಳಲ್ಲಿ ಎರಡೂ ಕಡೆಯವರ ಒಪ್ಪಿಗೆಯಿಂದ ಪಾಲಿಸಿ ರದ್ದಾಯಿತು, ಮೊದಲಿನಿಂದ ಇರಲೇ ಇಲ್ಲ ಎಂಬಂತೆ. ಕಟ್ಟಡದ ಒಂದು ಬಾಗಿಲಿಗೆ ಬೀಗವಿದ್ದರೆ ಕಟ್ಟಡಕ್ಕೆ ಬೀಗವಿದೆ ಎಂದು ಬರೆಯಬಾರದು. "ಇಮೇಲ್‌ಗೆ ಇದೆ, ಹಳೆಯ ಸರ್ವರ್‌ಗೆ ಇಲ್ಲ, ಮುಂದಿನ ಮೂರು ತಿಂಗಳಲ್ಲಿ ಹಾಕುತ್ತೇವೆ" ಎಂದು ಪಕ್ಕದಲ್ಲಿ ಬರೆದು ಕೊಡಿ. ಪ್ರೀಮಿಯಂ ಏರಬಹುದು, ಆದರೆ ಪಾಲಿಸಿ ನಿಲ್ಲುತ್ತದೆ.

ತಂತ್ರಜ್ಞಾನ ವೃತ್ತಿ ಹೊಣೆಯ ಜತೆ ಜೋಡಿಸಿದ ಪಾಲಿಸಿ. ಬೇರೆಯವರಿಗೆ ತಂತ್ರಾಂಶ ಬರೆದುಕೊಡುವ, ವೆಬ್‌ಸೈಟ್ ನಡೆಸಿಕೊಡುವ, ಅವರ ಕಂಪ್ಯೂಟರ್ ನೋಡಿಕೊಳ್ಳುವ ಸಂಸ್ಥೆಗೆ ಇದೇ ದಾರಿ. ನಿಮ್ಮ ಕೋಡ್‌ನ ದೋಷದಿಂದ ಗ್ರಾಹಕರ ಮಾಹಿತಿ ಸೋರಿದರೆ ಅದು ಸೈಬರ್ ಘಟನೆಯೋ ವೃತ್ತಿಯ ತಪ್ಪೋ ಎಂದು ಎರಡು ಕಂಪನಿಗಳು ಪರಸ್ಪರ ಬೆರಳು ತೋರಿಸುವ ಪರಿಸ್ಥಿತಿ ಬರುವುದಿಲ್ಲ. ಕೊರತೆ ಎಂದರೆ, ಒಂದೇ ಮೊತ್ತ ಎರಡಕ್ಕೂ ಹಂಚಿಹೋಗುತ್ತದೆ. ವಕೀಲರ ಖರ್ಚೂ ಅದರಿಂದಲೇ ಕಳೆಯುತ್ತದೆಯೇ ಎಂದು ನೋಡಿ. ಕಳೆಯುವುದಾದರೆ ದೊಡ್ಡ ಮೊತ್ತ ತೆಗೆದುಕೊಳ್ಳಿ.

ಕ್ರೈಂ ಪಾಲಿಸಿ. ವಂಚನೆ, ಕಳ್ಳತನದಿಂದ ಹೋದ ಹಣಕ್ಕೆ ಇರುವ ಈ ವಿಮೆ ಸೈಬರ್ ವಿಮೆಗೆ ಬದಲಿಯಲ್ಲ, ಜತೆಗಾರ. ಹಣ ವರ್ಗಾವಣೆಯೇ ನಿಮ್ಮ ದೊಡ್ಡ ಅಪಾಯವಾದರೆ ಇಲ್ಲಿ ನಿಲ್ಲಬೇಕು. ವರ್ಷಗಳಿಂದ ಸರಕು ಕೊಡುವವರಿಂದ ಇಮೇಲ್ ಬರುತ್ತದೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ತಿಂಗಳ ಬಿಲ್ ಹೊಸ ಖಾತೆಗೆ ಹಾಕಿ. ಲೋಗೋ ಅದೇ, ಸಹಿ ಅದೇ, ಬಿಲ್ ಸಂಖ್ಯೆಯೂ ಸರಿ. ವಿಳಾಸದಲ್ಲಿ ಮಾತ್ರ ಎಂ ಅಕ್ಷರವಿರಬೇಕಾದಲ್ಲಿ ಆರ್ ಮತ್ತು ಎನ್ ಒತ್ತೊತ್ತಾಗಿ ಕುಳಿತಿವೆ. ಮೊಬೈಲ್ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಿಮ್ಮ ಸಿಬ್ಬಂದಿ ತಾವೇ ಲಾಗಿನ್ ಆಗಿ, ತಾವೇ ಒಟಿಪಿ ಹಾಕಿ ಹಣ ಕಳಿಸುತ್ತಾರೆ. ಯಾರೂ ನಿಮ್ಮ ವ್ಯವಸ್ಥೆಗೆ ನುಗ್ಗಿಲ್ಲ, ಆದ್ದರಿಂದ ಹ್ಯಾಕಿಂಗ್ ರಕ್ಷಣೆ ಅನ್ವಯಿಸುವುದಿಲ್ಲ ಎನ್ನುತ್ತಾರೆ ವಿಮೆಗಾರರು. ಇದಕ್ಕೆ ಸೋಶಿಯಲ್ ಎಂಜಿನಿಯರಿಂಗ್ ವಂಚನೆ ಎಂಬ ಬೇರೆಯೇ ಕಲಂ ಬೇಕು, ಅದರ ಉಪಮಿತಿ ಬಹುಪಾಲು ಸಣ್ಣದು.

ಇದರ ತಿರುಗುಮುರುಗು ರೂಪವೂ ಇದೆ. ನಿಮ್ಮ ಇಮೇಲ್ ಪೆಟ್ಟಿಗೆಗೆ ನುಗ್ಗಿದವನು ನಿಮ್ಮ ಗ್ರಾಹಕರಿಗೆ ನಿಮ್ಮ ಹೆಸರಿನಲ್ಲೇ ಬಿಲ್ ಕಳಿಸುತ್ತಾನೆ, ಅವರು ಕಳ್ಳನ ಖಾತೆಗೆ ಕಟ್ಟುತ್ತಾರೆ. ಸರಕು ಹೋಗಿದೆ, ಹಣ ಬಂದಿಲ್ಲ, ಗ್ರಾಹಕರು ಕಟ್ಟಿದ್ದೇವೆ ಎನ್ನುತ್ತಾರೆ. ಇದಕ್ಕೆ ಇನ್ವಾಯ್ಸ್ ತಿದ್ದುವಿಕೆಯ ರಕ್ಷಣೆ ಬೇಕು. ಮೊದಲನೆಯದು ಇದ್ದ ಮಾತ್ರಕ್ಕೆ ಇದು ಇರುತ್ತದೆ ಎಂದಲ್ಲ. ಎರಡರಲ್ಲೂ ಒಂದು ಷರತ್ತು ಹುಡುಕಿ: ಖಾತೆ ಬದಲಾವಣೆಯನ್ನು ಮೊದಲೇ ಗೊತ್ತಿರುವ ಫೋನ್ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡಿರಬೇಕು ಎಂದಿದ್ದರೆ, ಕರೆ ಮಾಡದ ದಿನ ಪರಿಹಾರವಿಲ್ಲ. ಬಂದ ಇಮೇಲ್‌ನಲ್ಲೇ ಇರುವ ಸಂಖ್ಯೆಗೆ ಕರೆ ಮಾಡಿದರೆ ಅದು ಖಚಿತಪಡಿಸಿಕೊಂಡಂತಲ್ಲ. ಕರೆ ಮಾಡಿದ ಸಮಯ, ಮಾತಾಡಿದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಇವತ್ತೇ ಶುರುವಾಗಲಿ, ವಿಮೆ ಇರಲಿ ಬಿಡಲಿ.

ವಿಮೆ ಇಲ್ಲದೆ ಸ್ವಂತ ನಿಧಿ. ಬಜೆಟ್ ತೀರಾ ಬಿಗಿಯಿದ್ದು ಎಂಎಫ್‌ಎ, ಬೇರ್ಪಟ್ಟ ಬ್ಯಾಕಪ್ ಎರಡೂ ಇಲ್ಲದಿದ್ದರೆ, ಮೊದಲ ಖರ್ಚು ಅಲ್ಲಿಗೇ ಹೋಗಬೇಕು. ಅವಿಲ್ಲದೆ ಒಳ್ಳೆಯ ಪಾಲಿಸಿ ಸಿಗುವುದೂ ಕಷ್ಟ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಕಚೇರಿಯ ಹೊರಗೆ ಎಂಬ 3-2-1 ನಿಯಮ ಅನುಸರಿಸಿ, ಆರು ತಿಂಗಳಿಗೊಮ್ಮೆ ಒಂದು ಫೈಲಲ್ಲ, ಇಡೀ ಯಂತ್ರವನ್ನೇ ಮರಳಿ ತೆರೆದು ನೋಡಿ. ಇದು ವ್ಯಾಪಾರ ನಿಲ್ಲುವ ನಷ್ಟವನ್ನು ತಗ್ಗಿಸುತ್ತದೆ. ಆದರೆ ಕದ್ದ ಮಾಹಿತಿಯನ್ನು ಬಹಿರಂಗಪಡಿಸುತ್ತೇವೆ ಎಂಬ ಬೆದರಿಕೆಗೆ, ದಾವೆಗೆ ಬ್ಯಾಕಪ್ ಉತ್ತರವಲ್ಲ. ಬೇರೆಯವರ ಆರೋಗ್ಯದ, ಹಣಕಾಸಿನ, ಗುರುತಿನ ದಾಖಲೆ ಇಟ್ಟುಕೊಂಡವರಿಗೆ ಈ ದಾರಿ ಸಲ್ಲದು.

ಯಾರಿಗೆ ಯಾವುದು

ಕ್ಲಿನಿಕ್, ಲೆಕ್ಕಪರಿಶೋಧಕರ ಕಚೇರಿ, ವಕೀಲರು: ಪ್ರತ್ಯೇಕ ಪಾಲಿಸಿ. ಹೊಣೆಯ ಮೊತ್ತ ದೊಡ್ಡದಿರಲಿ, ಹಿಂದಿನ ದಿನಾಂಕಕ್ಕೆ ಪಟ್ಟು ಹಿಡಿಯಿರಿ. ಆನ್‌ಲೈನ್ ಮಾರಾಟ ಮಾಡುವವರು ಪ್ರತ್ಯೇಕ ಪಾಲಿಸಿಯಲ್ಲೇ ಕಾಯುವ ಅವಧಿ, ಸಿಸ್ಟಂ ಫೇಲ್ಯೂರ್, ಕಾರ್ಡ್ ವಸೂಲಿ ಈ ಮೂರರ ಮೇಲೆ ಚೌಕಾಸಿ ಮಾಡಬೇಕು. ಹೊಣೆಯ ಮೊತ್ತ ಸ್ವಲ್ಪ ಇಳಿದರೂ ನಡೆದೀತು. ಸಗಟು ವ್ಯಾಪಾರಿ, ಗುತ್ತಿಗೆದಾರರಂತೆ ಕೆಲವೇ ಬಿಲ್‌ಗಳಲ್ಲಿ ದೊಡ್ಡ ಹಣ ಓಡಾಡುವವರಿಗೆ ಸೇರ್ಪಡೆಯ ಜತೆ ಕ್ರೈಂ ಪಾಲಿಸಿ, ಒಂದು ಸಲಕ್ಕೆ ಕಳಿಸುವ ಅತಿ ದೊಡ್ಡ ಮೊತ್ತದಷ್ಟು ಉಪಮಿತಿ. ಪ್ರೀಮಿಯಂ ತಗ್ಗಿಸಲೇಬೇಕಾದರೆ ಡಿಡಕ್ಟಿಬಲ್ ಏರಿಸಿ. ವ್ಯಾಪಾರ ನಿಂತ ನಷ್ಟವನ್ನು ಮಾತ್ರ ಕೈಬಿಡಬೇಡಿ. ಸಣ್ಣ ಪೆಟ್ಟನ್ನು ನೀವು ತಡೆದುಕೊಳ್ಳಬಲ್ಲಿರಿ, ಮೂರು ವಾರ ಬಾಗಿಲು ಮುಚ್ಚುವುದನ್ನಲ್ಲ.

ಕೊಂಡ ದಿನ ಮಾಡಬೇಕಾದ ಕೆಲಸ ಒಂದಿದೆ. ಪಾಲಿಸಿ ಸಂಖ್ಯೆ, 24 ಗಂಟೆಯ ತುರ್ತು ದೂರವಾಣಿ, ಬ್ರೋಕರ್ ಸಂಖ್ಯೆ ಮೂರನ್ನೂ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ, ಒಂದು ಪ್ರತಿ ಮನೆಯಲ್ಲಿರಲಿ. ಪಾಲಿಸಿಯ ಪಿಡಿಎಫ್ ಬೀಗ ಬಿದ್ದ ಸರ್ವರ್‌ನಲ್ಲೇ ಇದ್ದರೆ ಪ್ರಯೋಜನವಿಲ್ಲ. ಕಳ್ಳರ ಕೈಗೆ ಸಿಕ್ಕರೆ ನಿಮ್ಮ ವಿಮಾ ಮೊತ್ತ ನೋಡಿಯೇ ಬೇಡಿಕೆ ಇಡುತ್ತಾರೆ. ಆ ಕಾಗದದ ಕೆಳಗೆ ಸಿಬ್ಬಂದಿಗೆ ಇಷ್ಟು ಬರೆಯಿರಿ: ನೆಟ್‌ವರ್ಕ್ ಕೇಬಲ್ ಕಿತ್ತು ವೈಫೈ ಬಂದ್ ಮಾಡಿ, ಯಂತ್ರ ಆಫ್ ಮಾಡಬೇಡಿ, ಫಾರ್ಮ್ಯಾಟ್ ಮಾಡಲು ಪರಿಚಯದ ಟೆಕ್ನಿಷಿಯನ್‌ನನ್ನು ಕರೆಯಬೇಡಿ, ಸುಲಿಗೆಕೋರರಿಗೆ ಉತ್ತರಿಸಬೇಡಿ, ಮೊದಲು ಈ ಸಂಖ್ಯೆಗೆ ಕರೆ ಮಾಡಿ. ಫಾರ್ಮ್ಯಾಟ್ ಆದ ಯಂತ್ರದಲ್ಲಿ ಸಾಕ್ಷ್ಯ ಉಳಿಯುವುದಿಲ್ಲ, ವಿಮೆಗಾರರ ಮುಂಚಿತ ಒಪ್ಪಿಗೆ ಇಲ್ಲದೆ ಮಾಡಿದ ಖರ್ಚನ್ನು ಎಷ್ಟೋ ಪಾಲಿಸಿಗಳು ತುಂಬಿಕೊಡುವುದೂ ಇಲ್ಲ. ಹಣ ತಪ್ಪು ಖಾತೆಗೆ ಹೋಗಿದ್ದರೆ ಮಾತ್ರ ಮೊದಲ ಕರೆ ಬ್ಯಾಂಕಿಗೆ, ವಿಮೆಗಾರರಿಗೆ ಎರಡನೆಯದು.